ಶವಾಸನದಿಂದ ಏಳದವನು

ಸೂಳಗಿರಿಯ ಕಾರ್ಖಾನೆಯೊಂದರಲ್ಲಿ ಸಂಜೆ ಕೆಲಸಗಾರರಿಗೆ ಯೋಗ ಹೇಳಿಕೊಡುತ್ತೇನೆ. ಈಚೆಗೆ ಮಂಡಿ ಕೈಕೊಟ್ಟಿದೆ. ಕುರ್ಚಿಯಲ್ಲಿ ಕೂತು ಬಾಯಲ್ಲೇ ಪಾಠ ಮಾಡುತ್ತೇನೆ. ಗೊತ್ತಾದರೆ ಬೇರೆಯವರನ್ನು ಕರೆತರುತ್ತಾರೆ ಎಂದು ಯಾರಿಗೂ ಹೇಳಿರಲಿಲ್ಲ.

ಹೊಸೂರಿನಲ್ಲಿ ನಮ್ಮಂಥ ಶಿಕ್ಷಕರಿಗೆ ತರಬೇತಿ ಇಟ್ಟರು. ಬರದಿದ್ದರೆ ಕೆಲಸವಿಲ್ಲ ಎಂದರು, ಹೋದೆ. ಬೆಂಗಳೂರಿನಿಂದ ಬಂದ ಮೇಡಂ ಎಲ್ಲರನ್ನೂ ಶವಾಸನದಲ್ಲಿ ಮಲಗಿಸಿದರು. ಮಲಗುವುದೇನೋ ಆಯಿತು. ಏಳಿ ಎಂದಾಗ ಮಂಡಿ ಮಡಚಲಾಗಲಿಲ್ಲ. ಕಣ್ಣು ಮುಚ್ಚಿಕೊಂಡು ಹಾಗೇ ಬಿದ್ದಿದ್ದೆ.

"ಎಲ್ಲರೂ ಇಲ್ಲಿ ಬನ್ನಿ," ಎಂದರು ಮೇಡಂ. "ದೇಹ, ಮನಸ್ಸು ಎರಡೂ ಸಡಿಲವಾದರೆ ಹೀಗಿರುತ್ತೆ. ಸದ್ದು ಮಾಡಬೇಡಿ."

ಸುತ್ತ ನಿಂತು ನೋಡಿದರು. ಯಾರೋ ಫೋಟೋ ಕೂಡ ತೆಗೆದರು.

ಎಲ್ಲರೂ ಊಟಕ್ಕೆ ಹೋದ ಮೇಲೆ ಪಕ್ಕದ ಚಾಪೆಯ ಹೆಂಗಸು, ಡೆಂಕಣಿಕೋಟೆಯವಳು, ಬಗ್ಗಿ ಕೇಳಿದಳು.

"ಮಾಮ, ಮಂಡಿ ಹಿಡ್ಕೊಂಡೈತಾ?"

"ಸುಮ್ಕೆ ಹೋಗಮ್ಮ."

"ಹೋಗ್ತೀನಿ. ಸಾರು ಖಾಲಿ ಆಗ್ಬುಡ್ತದೆ, ಆಮೇಲೆ ನನ್ನ ಬೈಬ್ಯಾಡಿ."

ಕೈ ಚಾಚಿದೆ. ಎತ್ತಿ ಕೂರಿಸಿದಳು.

ನಾಚಿಕೆಗೆ ಅನ್ನ ಇಳಿಯಲಿಲ್ಲ. ಮೇಡಂ ಹತ್ತಿರ ಹೋಗಿ, "ಮಂಡಿ ನೋವು. ಏಳಲು ಆಗಲಿಲ್ಲ, ಅಷ್ಟೇ," ಎಂದೆ.

ಅವರು ಕೈ ಮುಗಿದರು. "ಎಷ್ಟು ವಿನಯ ಸರ್ ನಿಮಗೆ! ಮುಂದಿನ ತರಬೇತಿಯಲ್ಲಿ ಶವಾಸನ ನೀವೇ ಹೇಳಿಕೊಡಬೇಕು."

ಆ ಹೆಂಗಸು ಮೊಸರನ್ನ ಕಲಸುತ್ತ ನನ್ನನ್ನೇ ನೋಡುತ್ತಿದ್ದಳು. ನಿಜವನ್ನು ಒಂದು ಸಲ ಹೇಳುವಷ್ಟು ಧೈರ್ಯ ಮಾತ್ರ ನನ್ನಲ್ಲಿತ್ತು. ಆಗಲಿ ಎಂದೆ.