ಕಪ್ಪುಬಿಳುಪಿನ ಬಸುರಿ

ಆಗ ಮಸ್ಕತ್ತಿನ ಮನೆಗಳಲ್ಲಿ ಒಂದೇ ಟಿವಿ ಇರುತ್ತಿತ್ತು. ಅದು ಮಾತಾಡಿದ್ದನ್ನು ಮನೆಯವರೆಲ್ಲ ಕೇಳಬೇಕಾಗುತ್ತಿತ್ತು. ನಾವಿದ್ದದ್ದು ಅಲ್ ಅಜೈಬಾದ ಎರಡನೇ ಮಹಡಿಯ ಫ್ಲಾಟಿನಲ್ಲಿ. ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆ. ರಜೆ ಬಂತೆಂದರೆ ಉಡುಪಿಗೆ ಹೋಗುತ್ತಿದ್ದವರು ಆ ವರ್ಷ ಹೋಗಲಿಲ್ಲ. ಅಮ್ಮ ಬಸುರಿ. ವಿಮಾನ ಹತ್ತಬಾರದು, ಮಲಗಿಯೇ ಇರಬೇಕು ಎಂದಿದ್ದರು ಡಾಕ್ಟರು.

ಅಪ್ಪ ಆಫೀಸಿಗೆ ಹೋದ ಮೇಲೆ ಪರದೆ ಎಳೆದ ಹಾಲಿನಲ್ಲಿ ಅಮ್ಮ ಸೋಫಾದ ಮೇಲೆ, ನಾನು ತಣ್ಣಗಿನ ಟೈಲ್ಸಿನ ಮೇಲೆ. ಹೊರಗೆ ಕಾದ ಕಾವಲಿಯಂಥ ಬಿಸಿಲು. ಒಳಗೆ ಎಸಿಯ ಒದ್ದೆ ವಾಸನೆ, ಕೆಳಗಿನ ಮನೆಯವರು ಹಾಕುವ ಲೋಬಾನದ ಹೊಗೆ, ನನ್ನ ತಟ್ಟೆಯಲ್ಲಿ ಗಂಜಿ, ಮಿಡಿ ಉಪ್ಪಿನಕಾಯಿ. ಕಾರಿಡಾರಿನ ಚೌಕಗಳಲ್ಲಿ ಒಬ್ಬಳೇ ಕುಂಟೆಬಿಲ್ಲೆ ಆಡಿ ಬೇಸತ್ತರೆ ಉಳಿದದ್ದು ಟಿವಿ.

ಡಿಶ್ಶಿನ ಒಂದು ಚಾನೆಲಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಅಮೆರಿಕದ ಹಳೇ ಕಪ್ಪುಬಿಳುಪಿನ ಹಾಸ್ಯ ಧಾರಾವಾಹಿ ಬರುತ್ತಿತ್ತು. ಅದರ ನಾಯಕಿ ಅಲ್ಲಿ ಬಲು ದೊಡ್ಡ ಹೆಸರಿನವಳಂತೆ. ನಮಗೆ ಅದೆಲ್ಲ ಗೊತ್ತಿರಲಿಲ್ಲ. ಅಗಲ ಕಣ್ಣು, ಗುಂಗುರು ಕೂದಲು, ಗಂಡನಿಗೆ ಗೊತ್ತಾಗದ ಹಾಗೆ ಏನಾದರೊಂದು ಎಡವಟ್ಟು. ಕಾಣದ ಜನ ಹೋ ಎಂದು ನಗುತ್ತಿದ್ದರು. ಅಷ್ಟು ಬಿರುಸಿನ ಇಂಗ್ಲಿಷು ಅಮ್ಮನಿಗೆ ಹತ್ತುತ್ತಿರಲಿಲ್ಲ.

"ಎಂತ ಹೇಳಿದ್ಳು?"

"ಹೊಸ ಟೊಪ್ಪಿ ತಗೊಂಡಿಲ್ಲ ಅಂತ ಗಂಡನ ಹತ್ರ ಸುಳ್ಳು ಹೇಳಿದ್ಳು."

"ಟೊಪ್ಪಿ ತಲೆ ಮೇಲೇ ಉಂಟಲ್ಲ!"

ಅಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ನನ್ನ ಕನ್ನಡಕ್ಕೋ, ಆ ನಾಯಕಿಯ ಮುಖಕ್ಕೋ.

ಒಂದು ದಿನ ಕಥೆಯಲ್ಲಿ ನಾಯಕಿಯೂ ಬಸುರಿಯಾದಳು. "ನೋಡೇ, ಇವಳಿಗೂ!" ಎಂದು ಅಮ್ಮ ಎದ್ದು ಕೂತಳು. ಅಂದಿನಿಂದ ಅವಳು ನಮ್ಮ ನೆಂಟರವಳೇ. "ಹೀಗೆಲ್ಲ ಕುಣಿಬಾರದು ಇವಳು, ಹೇಳುವವರಿಲ್ವಾ?" ಎಂದು ಅಮ್ಮ ಗದರುತ್ತಿದ್ದಳು.

ಆಮೇಲೊಂದು ಮಧ್ಯಾಹ್ನ ಅಮ್ಮ ಬಾತ್‌ರೂಮಿನಿಂದ ನನ್ನನ್ನು ಕೂಗಿದಳು. ಆ ದನಿಯೇ ಬೇರೆ. ಎದುರು ಮನೆಯ ಮೈಸೂರಿನ ವಸಂತಾ ಆಂಟಿ ಓಡಿಬಂದು ಅಪ್ಪನಿಗೆ ಫೋನು ಮಾಡಿದರು. ಅಮ್ಮನನ್ನು ಆಸ್ಪತ್ರೆಗೆ ಒಯ್ದ ಮೇಲೆ ನನಗೆ ಚಿತ್ರಾನ್ನ ಬಡಿಸಿ, "ತಿನ್ನು ಕಣೇ, ಎಲ್ಲಾ ಸರಿಹೋಗತ್ತೆ" ಅಂದರು. ಸರಿಹೋಗಲಿಲ್ಲ. ಕೆಲವು ದಿನ ಬಿಟ್ಟು ಅಮ್ಮ ಬರಿಗೈಯಲ್ಲಿ ಬಂದಳು. ಸೋಫಾದಲ್ಲಿ ಗೋಡೆಗೆ ಮುಖಮಾಡಿ ಮಲಗಿದಳು. ಅಳಲೂ ಇಲ್ಲ.

ಶುಕ್ರವಾರ, ಅಪ್ಪನಿಗೆ ರಜೆ. ರೂಢಿಯ ಮೇಲೆ ನಾನು ಟಿವಿ ಹಾಕಿಬಿಟ್ಟೆ. ನಾಯಕಿಗೆ ಅವತ್ತೇ ಹೆರಿಗೆ. ಗಂಡನ ಗಡಿಬಿಡಿಗೆ ಜನ ನಗುತ್ತಿದ್ದರು.

ಅಪ್ಪ ಧಾವಿಸಿ ಬಂದರು. "ಬಂದ್ ಮಾಡು. ಖಲಾಸ್."

"ಇರಲಿ," ಅಂದಳು ಅಮ್ಮ, ತಿರುಗದೆ.

ಅಪ್ಪ ರಿಮೋಟು ಹಿಡಿದುಕೊಂಡೇ ನೆಲದ ಮೇಲೆ ಕುಳಿತರು. ಕೊನೆಗೆ ಅಮ್ಮ ನನ್ನನ್ನು ಕೇಳಿದಳು.

"ಹುಟ್ಟಿತಾ?"

"ಹುಟ್ಟಿತು. ಗಂಡು."

"ಬಾಣಂತಿ?"

"ಚೆನ್ನಾಗಿದ್ದಾಳೆ."

"ಸದ್ಯ," ಅಂದಳು. ಆಮೇಲೆ ಅತ್ತಳು. ಅಪ್ಪ ಅವಳ ಪಾದ ಹಿಡಿದು ಕುಳಿತಿದ್ದರು. ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ.

ಈಗ ನಾನೂ ಇಲ್ಲೇ, ಮಸ್ಕತ್ತಿನ ಅಲ್ ಮವಾಲೇಹ್‌ನಲ್ಲಿ. ಅಪ್ಪ ಇಲ್ಲ. ಅಮ್ಮ ನಮ್ಮ ಜೊತೆಗಿದ್ದಾಳೆ. ಆಫೀಸು, ಟ್ರಾಫಿಕ್ಕು ಮುಗಿಸಿ ಬಂದರೆ ಮಾತಾಡಲು ದನಿ ಉಳಿದಿರುವುದಿಲ್ಲ. ಮಕ್ಕಳ ಕಿವಿಯಲ್ಲಿ ಇಯರ್‌ಫೋನು. ಕರೆದರೆ "ವನ್ ಮಿನಿಟ್". ಒಬ್ಬೊಬ್ಬರದು ಒಂದೊಂದು ಪರದೆ. ಆ ಧಾರಾವಾಹಿಯೂ ಈಗ ಬೇಕೆಂದಾಗ ಫೋನಿನಲ್ಲೇ ಸಿಗುತ್ತದೆ. ಮೊನ್ನೆ ಸಂಜೆ ಆ ಹೆರಿಗೆಯ ಕಂತನ್ನೇ ಹಾಕಿ ಅಮ್ಮನ ಮುಂದೆ ಹಿಡಿದೆ. ಇಷ್ಟು ವರ್ಷದಲ್ಲಿ ಅವಳಿಗೆ ಇಂಗ್ಲಿಷು ಬಂದಿದೆ, ನನ್ನನ್ನೇನೂ ಕೇಳಲಿಲ್ಲ. ಕನ್ನಡಕ ಸರಿಮಾಡಿಕೊಂಡು ಕೊನೆಯವರೆಗೂ ನೋಡಿದಳು. ನಗಲಿಲ್ಲ.

"ಆ ಮಗುವಿಗೆ ಈಗ ಪ್ರಾಯ ಆಗಿರ್ಬೇಕು, ಅಲ್ವಾ?" ಅಂದಳು.

"ಹೌದಮ್ಮ," ಅಂದೆ. ಯಾವ ಮಗು ಎಂದು ಕೇಳುವಷ್ಟು ತ್ರಾಣ ನನ್ನಲ್ಲಿರಲಿಲ್ಲ.