ಒಪ್ಪತ್ತಿನ ಮಾತು

ನನ್ನ ಶಿಷ್ಯೆಯೊಬ್ಬಳು ನಿಂತಾಗ ತೂಕದ ಯಂತ್ರದ ಮುಳ್ಳು ವಾರವಾರಕ್ಕೂ ಇಳಿಯುವುದನ್ನು ಕಂಡು ಹಿಗ್ಗಿದ್ದೆ. ಹೆದರಬೇಕಿತ್ತು. ಆ ಬುದ್ಧಿ ನನಗೆ ಆಗ ಬರಲಿಲ್ಲ.

ಮೂವತ್ತು ವರ್ಷ ಪೀಟಿ ಟೀಚರಾಗಿ ಸೀಟಿ ಊದಿ, ನಿವೃತ್ತಿಯಾದ ಮೇಲೂ ಸುಮ್ಮನೆ ಕೂರಲಾರದ ಜೀವ ನನ್ನದು. ಮನೆ ಚಾಮರಾಜನಗರದಲ್ಲಿ. ಮೈ ಭಾರದಿಂದ ಕೆಲಸ ಸಿಗದ ಹುಡುಗ ಹುಡುಗಿಯರಿಗೆ ಗುಂಡ್ಲುಪೇಟೆಯಲ್ಲಿ ತರಗತಿ ನಡೆಸುತ್ತೇವೆ, ಬರುತ್ತೀರಾ ಎಂದು ಸಂಸ್ಥೆಯೊಂದರವರು ಕೇಳಿದಾಗ ಕುಣಿದುಕೊಂಡು ಹೋದೆ. ಬುಧವಾರ, ಶನಿವಾರ ಬೆಳಿಗ್ಗೆ ಹನ್ನೆರಡು ಮಂದಿ ಬರುತ್ತಿದ್ದರು. ಮೊದಲು ಮೈದಾನದಲ್ಲಿ ನಡಿಗೆ, ಆಮೇಲೆ ಏನು ತಿನ್ನಬೇಕೆಂಬ ಪಾಠ, ಕೊನೆಗೆ ಇಂಟರ್‌ವ್ಯೂ ಅಭ್ಯಾಸ. ಬೋರ್ಡಿನ ಮೇಲೆ ನಾನೇ ದಪ್ಪ ಅಕ್ಷರದಲ್ಲಿ ಬರೆದಿದ್ದೆ: ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಎರಡನ್ನೂ ಬಲ್ಲೆನೆಂಬ ಜಂಬ ನನಗಿತ್ತು.

ಅವರಲ್ಲಿ ತೆರಕಣಾಂಬಿಯ ಹುಡುಗಿಯೊಬ್ಬಳು. ಇಪ್ಪತ್ತೆರಡು ವರ್ಷ, ಡಿಗ್ರಿ ಮುಗಿಸಿದ್ದಳು. ಊಟಿ ರಸ್ತೆಯ ರೆಸಾರ್ಟ್ ಒಂದರಲ್ಲಿ ರಿಸೆಪ್ಷನ್ ಕೆಲಸ ಕೇಳಲು ಹೋದಾಗ, ನಿನ್ನ ಅಳತೆಯ ಯೂನಿಫಾರಂ ನಮ್ಮಲ್ಲಿಲ್ಲ ಎಂದು ನಕ್ಕು ಕಳಿಸಿದ್ದರಂತೆ. ಆ ನಗು ಅವಳಿಗೆ ನಾಟಿತ್ತು. ನಮ್ಮಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಕಾಯಿಲೆಯೂ ಇತ್ತು. ಡಾಕ್ಟರು ಬೆಳಗಿನ ತಿಂಡಿಯ ಜೊತೆ ನುಂಗಲು ಮಾತ್ರೆ ಬರೆದುಕೊಟ್ಟರು.

ಒಂದು ಶನಿವಾರ ಪಾಠದ ಹೊತ್ತಿನಲ್ಲೇ ಬೆಂಚಿನ ಕೆಳಗೆ ಚಿಪ್ಸ್ ಪೊಟ್ಟಣ ಕೈಯಿಂದ ಕೈಗೆ ದಾಟುವುದನ್ನು ಕಂಡೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ಮೂರು ಹೊತ್ತೂ ಬಾಯಾಡಿಸ್ತಾ ಕೂತ್ರೆ ಯಾವ ಕೆಲಸ ಸಿಗತ್ತೆ ನಿಮಗೆ? ಒಪ್ಪತ್ತು ಇದ್ದು ನೋಡಿ, ಆಗ ಮೈ ಇಳಿಯತ್ತೆ!” ಎಂದು ಕೂಗಾಡಿದೆ. ಎಲ್ಲರೂ ತಲೆ ತಗ್ಗಿಸಿದರು. ಬಸ್ಸು ಹತ್ತುವಷ್ಟರಲ್ಲಿ ಆ ಮಾತು ನನಗೆ ಮರೆತೇ ಹೋಗಿತ್ತು.

ಅಲ್ಲಿಂದ ತೆರಕಣಾಂಬಿಯ ಹುಡುಗಿಯ ತೂಕ ಇಳಿಯತೊಡಗಿತು. ಅವಳನ್ನು ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದೆ. “ಇವಳನ್ನ ನೋಡಿ ಕಲೀರಿ” ಎಂದೆ. ಊಟ ಸರಿಯಾಗಿ ಮಾಡುತ್ತಿದ್ದೀಯಾ ಎಂದು ಕೇಳಿದರೆ, “ಊಂ ಮಿಸ್, ನೀವು ಏಳ್ದಂಗೇಯ” ಎನ್ನುತ್ತಿದ್ದಳು. ಆದರೆ ಚಳಿಯ ಬೆಳಿಗ್ಗೆಯೂ ಅವಳ ಚೂಡಿದಾರದ ಬೆನ್ನು ಬೆವರಿಗೆ ಒದ್ದೆಯಾಗಿರುತ್ತಿತ್ತು. ಎರಡನೇ ಸುತ್ತಿಗೇ ಮೈದಾನದ ಬೇವಿನ ಮರ ಹಿಡಿದು ನಿಲ್ಲುತ್ತಿದ್ದಳು. ಒಮ್ಮೆ ರುಜು ಹಾಕುವಾಗ ಬೆರಳು ನಡುಗಿ ಅಕ್ಷರಗಳು ಗೆರೆಯಿಂದ ಕೆಳಗೆ ಜಾರಿದವು. ಏನೋ ಸರಿಯಿಲ್ಲವೆಂದು ಒಳಗೆ ಚುಚ್ಚುತ್ತಿತ್ತು. ತೂಕ ನೋಡಿದ ಕೂಡಲೇ ಅದನ್ನು ಮರೆಯುತ್ತಿದ್ದೆ.

ಅದೇ ರೆಸಾರ್ಟಿಗೆ ಹೊಸ ಮ್ಯಾನೇಜರು ಬಂದು, ಅವಳಿಗೆ ಮತ್ತೆ ಕರೆ ಬಂತು. ಸೋಮವಾರ ಹನ್ನೊಂದು ಗಂಟೆಗೆ ಇಂಟರ್‌ವ್ಯೂ. ಜೊತೆಗೆ ನಾನೂ ಹೊರಟೆ. ನಾನಿದ್ದ ಬಸ್ಸಿಗೆ ಅವಳು ತೆರಕಣಾಂಬಿಯಲ್ಲಿ ಹತ್ತಿ ಪಕ್ಕದಲ್ಲಿ ಕೂತಳು. ಮುಖ ಬಿಳಿಚಿತ್ತು. ಭಯ ಇರಬೇಕು ಅಂದುಕೊಂಡೆ.

“ಎಲ್ಲಿ, ನಿನ್ನ ಪರಿಚಯ ಹೇಳಮ್ಮ” ಎಂದೆ. ಶುರು ಮಾಡಿದವಳು ಊರಿನ ಹೆಸರಿಗೆ ಬಂದು ನಿಂತಳು. ಇನ್ನೊಂದು ಸಲ ಹೇಳಿಸಿದೆ. ಈ ಸಲ ತನ್ನ ಹೆಸರಿಗೇ ತಡವರಿಸಿದಳು. “ಮೊನ್ನೆ ಪಟಪಟ ಅಂತ ಒಪ್ಪಿಸಿದ್ದೆಯಲ್ಲ, ಈಗೇನು ಬಂತು ರೋಗ?” ಎಂದು ಗದರಿದೆ. ಅವಳು ನನ್ನನ್ನೇ ನೋಡಿದಳು. ನಾನು ಯಾರೆಂದು ಆ ಕಣ್ಣುಗಳಿಗೆ ಗೊತ್ತಿರಲಿಲ್ಲ. ಆಮೇಲೆ ಅವಳ ತಲೆ ಕಿಟಕಿಯ ಸರಳಿಗೆ ಬಡಿಯಿತು.

“ಗಾಳಿ ಸೋಕ್ಬುಟ್ಟದ ಕಣವ್ವ, ನಿಂಬೆಅಣ್ಣು ನೀವಾಳ್ಸಿ” ಎಂದಳು ಹಿಂದಿನ ಸೀಟಿನ ಹೆಂಗಸು. ಸಕ್ಕರೆ ತೀರಾ ಇಳಿದರೆ ಹೀಗಾಗುತ್ತದೆಂದು ಡಾಕ್ಟರು ಹೇಳಿದ್ದು ನನಗೆ ಆಗ ನೆನಪಾಯಿತು. ಆ ಹೆಂಗಸಿನ ಚೀಲದಲ್ಲಿ ಬೆಲ್ಲವಿತ್ತು. ಪುಡಿ ಮಾಡಿ ಹುಡುಗಿಯ ಕೆನ್ನೆಯ ಒಳಗೆ ಸವರಿದೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, ಬಾಯಲ್ಲಿದ್ದುದನ್ನು ನಾಲಿಗೆಯಿಂದ ಹೊರಗೆ ತಳ್ಳಿದಳು.

“ಬ್ಯಾಡಿ ಮಿಸ್. ಸಂಜೆ ದೀಪ ಅಚ್ಚೋಗಂಟ ಏನೂ ಮುಟ್ಟಂಗಿಲ್ಲ. ಒಪ್ಪತ್ತು... ನೀವೇ ಏಳಿದ್ರಲ್ಲ.”

ಬಸ್ಸನ್ನು ನೇರ ಆಸ್ಪತ್ರೆಗೇ ಬಿಟ್ಟರು. ಗ್ಲೂಕೋಸ್ ಏರಿಸಿದ ಡಾಕ್ಟರು, ಇನ್ನರ್ಧ ಗಂಟೆ ತಡವಾಗಿದ್ದರೆ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದರು. ಎರಡು ತಿಂಗಳಿಂದ ಅವಳು ದಿನಕ್ಕೆ ಒಂದೇ ಊಟ ಮಾಡುತ್ತಾ, ಮಾತ್ರೆಯನ್ನು ಮಾತ್ರ ತಪ್ಪದೆ ಖಾಲಿ ಹೊಟ್ಟೆಗೆ ನುಂಗುತ್ತಿದ್ದಳು. ಓಡಿಬಂದ ತಾಯಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಕೆಲ್ಸ ಸಿಕ್ಕೋಗಂಟ ಒಪ್ಪತ್ತು ಅಂತ ಮಾದಪ್ಪಂಗೆ ಅರ್ಕೆ ಏಳ್ಕಂಡವ್ಳೆ ಮಿಸ್. ನಡುವ ಬುಟ್ರ ಆ ದೇವ್ರು ಸುಮ್ಕ ಬುಟ್ಟನಾ?” ಎಂದರು. ಹುಡುಗಿ ಇಡ್ಲಿಯ ತಟ್ಟೆಯನ್ನು ಮುಟ್ಟಲಿಲ್ಲ.

ಹರಕೆ, ಮುಡಿಪು ಎಂದರೆ ನಗುತ್ತಿದ್ದವಳು ನಾನು. ನರ್ಸಮ್ಮನ ಹತ್ತಿರ ಒಂದು ಚೂರು ಬ್ಯಾಂಡೇಜ್ ಬಟ್ಟೆ ಈಸಿಕೊಂಡು, ಎದುರು ಅಂಗಡಿಯ ಅರಿಶಿನ ಹಚ್ಚಿ, ಒಂದು ರೂಪಾಯಿ ಇಟ್ಟು ಗಂಟು ಹಾಕಿದೆ. “ಮಾತು ನಂದು, ಹರಕೆ ಮುರಿದ ತಪ್ಪುಗಾಣಿಕೆ ನನ್ನ ಹೆಸರಲ್ಲೇ ಮಾದಪ್ಪನ ಬೆಟ್ಟಕ್ಕೆ ಹೋಗಲಿ. ನೀನು ಉಣ್ಣು ಮಗಳೇ” ಎಂದೆ. ಅವಳು ತಾಯಿಯ ಮುಖ ನೋಡಿ, ಅಳುತ್ತಾ ಇಡ್ಲಿ ಮುರಿದಳು. ರೆಸಾರ್ಟಿನವರು ಫೋನಿನಲ್ಲಿ, ಮುಂದಿನ ಸೋಮವಾರ ಬರಲಿ ಎಂದರು.

ಬುಧವಾರ ಬಸ್ಸು ತಡವಾಯಿತು. ನಾನು ತಲುಪುವಷ್ಟರಲ್ಲಿ, ನಾನೇ ಕಲಿಸಿದ ಶಿಸ್ತಿನಂತೆ, ಉಳಿದವರು ನಾಲ್ಕು ಸುತ್ತು ನಡಿಗೆ ಮುಗಿಸಿ ತರಗತಿಯೊಳಗೆ ಕೂತಿದ್ದರು. ನಡೆದುದನ್ನೆಲ್ಲ ಹೇಳಿ, “ನಿಮ್ಮಲ್ಲಿ ಇನ್ಯಾರಾದ್ರೂ ಒಪ್ಪತ್ತು ಇದ್ದೀರಾ?” ಎಂದು ಕೇಳಿದೆ. ಬೈಯುವುದಿಲ್ಲ ಎಂದೆ. ಭೀಮನಬೀಡಿನ ಹುಡುಗ ಮೆಲ್ಲಗೆ ಕೈ ಎತ್ತಿದ. “ಅವ್ಳ ನೋಡಿ ಕಲೀರಿ ಅಂದ್ರಲ್ಲ ಮಿಸ್” ಎಂದ. ಅವನ ಹಿಂದೆ ಇನ್ನೊಂದು ಕೈ, ಮತ್ತೊಂದು ಕೈ ಎದ್ದವು.

ತಲೆ ಎಣಿಸಿದೆ. ಅವಳನ್ನು ಬಿಟ್ಟು ಹನ್ನೊಂದು ಮಂದಿ ಇರಬೇಕಿತ್ತು, ಹತ್ತೇ ಇದ್ದರು.

“ಇನ್ನೊಬ್ಳೆಲ್ಲಿ?”

“ಬೇವಿನ ಮರದತ್ರ ಕೂತವ್ಳೆ ಮಿಸ್. ತಲೆ ಸುತ್ತದ ಅಂದ್ಲು.”

ಚೀಲದಲ್ಲಿ ಬೆಲ್ಲ ತಡಕುತ್ತಾ ಮೈದಾನಕ್ಕೆ ಓಡಿದೆ.