ಅಕ್ಕನ ಬಲಭುಜ

ನೋವಿದ್ದದ್ದು ಅಕ್ಕನ ಬಲಭುಜದಲ್ಲೇ ಎಂದು ನಾನು ಆಣೆ ಮಾಡಲಾರೆ. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಆದರೆ ಜಗಳ ಹುಟ್ಟಿದ್ದು ಅವಳ ಎಡಗೈಯಿಂದ. ಹಾಗಾಗಿ ಕೆಟ್ಟದ್ದು ಬಲಭುಜವೇ ಇರಬೇಕು.

ಎಪ್ಪತ್ತರ ದಶಕದ ಕೊನೆ. ನಾನು ಬೆಳಗಾವಿಯಲ್ಲಿ ವೈದ್ಯಕೀಯ ಓದುತ್ತಿದ್ದೆ. ಅಕ್ಕನನ್ನು ಖಾನಾಪುರಕ್ಕೆ ಕೊಟ್ಟಿದ್ದೆವು. ಹಿತ್ತಲಲ್ಲಿ ಜಾರಿ ಬಿದ್ದವಳು ನೋವಿಗೆ ಹೆದರಿ ಬಹಳ ದಿನ ಕೈಯನ್ನು ಎದೆಗೆ ಕಟ್ಟಿಕೊಂಡೇ ಇದ್ದಳು. ಬಿಚ್ಚಿದಾಗ ಭುಜ ಬಿಗಿದುಹೋಗಿತ್ತು. ಮಾವ ಪಡಸಾಲೆಗೆ ಬಂದಾಗ ಸೊಸೆ ಬಲಗೈಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುವುದು ಆ ಮನೆಯ ರೀತಿ. ಇವಳು ಎಡಗೈಯಿಂದ ಎಳೆದುಕೊಳ್ಳತೊಡಗಿದಳು.

ನಾನು ಹೋದ ದಿನ ಅವಳ ಅತ್ತೆ ಹೊಸ್ತಿಲಲ್ಲೇ ಹಿಡಿದರು.

"ರೊಟ್ಟಿ ಬಡ್ಯಾಕ ಕೈ ಬರ್ತೈತಿ, ಹಿರ್ಯಾರಿಗೆ ಮರ್ಯಾದಿ ಕೊಡಾಕ ಬರೂದಿಲ್ಲ. ಎಡಗೈಲೆ ಸೆರಗ ಹೊದ್ಕೊಳ್ಳೂದನ್ನ ನಿಮ್ಮ ಮನ್ಯಾಗ ಕಲಿಸೀರೇನು?"

"ಅತ್ತಿ," ಎಂದೆ ನಾನು, "ರೊಟ್ಟಿ ಬಡಿಯೂದು ಕೆಳಗಿನ ಕೆಲಸರಿ. ತಲಿ ಹಿಂದ ಕೈ ಒಯ್ಯಾಕ ತೋಳಿನ ಎಲುಬು ಹೊರಗ ತಿರಗಬೇಕು. ಕೀಲು ಬಿಗದೈತಿ, ತಿರಗವಲ್ದು."

"ಖರೇ ಏನ್ರಿ, ಡಾಕ್ಟರ್ ಸಾಹೇಬ್ರ? ಇನ್ನೂ ಹೆಣಾ ಕೊಯ್ಯೂ ಸಾಲ್ಯಾಗ ಅದೀರಿ. ಜೀವಂತ ಇದ್ದವ್ರ ಸುದ್ದಿ ಆಮ್ಯಾಲ ಹೇಳೀರಂತ."

ಭಾವ ನಕ್ಕರು. ಅಕ್ಕ ಒಲೆಯ ಮುಂದಿನಿಂದ ಏಳಲಿಲ್ಲ.

ನಾನು ಹೇಳಿದ್ದು ಸರಿಯಿತ್ತು. ದೇಹದಲ್ಲಿ ಭುಜದಷ್ಟು ಸಡಿಲವಾದ ಕೀಲು ಇನ್ನೊಂದಿಲ್ಲ. ಆಳವಿಲ್ಲದ ಬಟ್ಟಲಿನಲ್ಲಿ ಒಂದು ಗುಂಡು. ಸಣ್ಣ ಸ್ನಾಯುವೊಂದು ತೋಳನ್ನು ಪಕ್ಕೆಯಿಂದ ಎಬ್ಬಿಸಲು ನೆರವಾಗುತ್ತದೆ, ಹೆಗಲಿನ ದಪ್ಪ ಸ್ನಾಯು ಎತ್ತುತ್ತದೆ, ಪೂರ್ತಿ ಮೇಲೇರಲು ಬೆನ್ನಿನ ರೆಕ್ಕೆಮೂಳೆಯೂ ಜೊತೆಗೆ ಹೊರಳಬೇಕು. ಕೀಲನ್ನು ಸುತ್ತಿದ ಪೊರೆಯ ಚೀಲ ಬಿಗಿದರೆ ಮೊದಲು ಹೋಗುವುದು ಹೊರಮುಖದ ತಿರುವೇ. ಅಕ್ಕ ಕೈ ಎತ್ತಲು ಹೋದರೆ ಹೆಗಲು ಕಿವಿಯ ಕಡೆಗೆ ಏರುತ್ತಿತ್ತು, ಕೈ ಮಾತ್ರ ಏರುತ್ತಿರಲಿಲ್ಲ. ಇದನ್ನೇ ಆ ಮನೆಯವರು ಸೊಸೆ ಹೆಗಲು ಕುಣಿಸಿ ಅಣಕಿಸುತ್ತಾಳೆ ಎಂದುಕೊಂಡರು.

"ಕೈ ನೆಟ್ಟಗಾದ ಮ್ಯಾಲ ಕಳಸ್ರಿ," ಎಂದರು ಮಾವ. ಅಕ್ಕ ನನ್ನ ಜೊತೆ ಬೆಳಗಾವಿಗೆ, ಖಾಸಬಾಗದ ನಮ್ಮ ಮನೆಗೆ ಬಂದಳು.

ಆ ಒಂದು ಮಾತನ್ನೇ ಹಿಡಿದುಕೊಂಡು ಅವಳು ದಿನವೂ ಗೋಡೆಗೆ ಬೆರಳು ಹಚ್ಚಿ ಜೇಡನಂತೆ ಮೇಲೆ ಹತ್ತಿಸುತ್ತಿದ್ದಳು. ನೋವಿಗೆ ಹಲ್ಲು ಕಚ್ಚುತ್ತಿದ್ದಳು. "ಇವತ್ತ ಕ್ಯಾಲೆಂಡರಿನ ದೇವರ ಪಾದ ಮುಟ್ಟೇನಿ ನೋಡೋ," ಎನ್ನುತ್ತಿದ್ದಳು. ಅವ್ವ, "ದೇವರ ಮುಖಾ ಮುಟ್ಟೂ ದಿನಾ ಬಸ್ ಹತ್ತೂಣು," ಎನ್ನುತ್ತಿದ್ದಳು. ಭಾವ ಒಮ್ಮೆಯೂ ಬರಲಿಲ್ಲ. ವರ್ಷ ದಾಟಿತು. ಇಂಥ ಭುಜ ತನ್ನ ಸಮಯ ತೆಗೆದುಕೊಂಡೇ ಸಡಿಲಾಗುತ್ತದೆ. ಕೊನೆಗೆ ಅವಳದೂ ಸಡಿಲಾಯಿತು.

ಹೇಳಿ ಕಳಿಸದೆ ಹೋದೆವು. ಎಲ್ಲರೂ ನೋಡಿ ಬೆರಗಾಗಲಿ ಎಂಬುದು ಅಕ್ಕನ ಆಸೆ. ಬಾಗಿಲು ತೆರೆದವಳು ನಮಗೆ ಗೊತ್ತಿಲ್ಲದ ಹೆಂಗಸು. ಕೊರಳಲ್ಲಿ ಹೊಸ ತಾಳಿ, ಕೈಗೆ ಹಿಟ್ಟು.

"ಯಾರ ಬೇಕಾಗಿತ್ರಿ?"

ಒಳಗಿನಿಂದ ಮಾವನ ಕೆಮ್ಮು ಕೇಳಿಸಿತು. ಅಕ್ಕನ ಬಲಗೈ ತಾನಾಗಿಯೇ ಮೇಲೆದ್ದು, ತಿರುಗಿ, ಸೆರಗನ್ನು ತಲೆಯ ಮೇಲೆ ತಂದಿತು. ಅಷ್ಟು ಸಲೀಸಾದ ಚಲನೆಯನ್ನು ನಾನು ಮುಂದೆ ಯಾವ ರೋಗಿಯಲ್ಲೂ ಕಂಡಿಲ್ಲ. ಅಥವಾ ಹಾಗೆಂದು ನಾನೇ ಆಮೇಲೆ ಕಟ್ಟಿಕೊಂಡೆನೇನೋ.

"ಯಾರೂ ಬ್ಯಾಡವಾ," ಎಂದಳು ಅಕ್ಕ. "ಮನಿ ತಪ್ಪಿ ಬಂದೇವಿ."